ಶುಭಂ ಆದ ಮೇಲಿನ ರೀಲು

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಶನಿವಾರದ ಕೊನೆಯ ಪೀರಿಯಡ್ಡುಗಳನ್ನು ಹಳೇ ಸಿನಿಮಾಗಳಿಗೆ ಕೊಟ್ಟುಬಿಟ್ಟಿದ್ದರು. ಕೆ.ಆರ್. ನಗರದ ನಮ್ಮ ಹೈಸ್ಕೂಲಿಗೆ ಸ್ಮಾರ್ಟ್ ಬೋರ್ಡ್ ಬಂದಿತ್ತಾದರೂ ಅದರ ಮೇಲೆ ಪಾಠಕ್ಕಿಂತ ಧೂಳೇ ಹೆಚ್ಚು ಕೂತಿತ್ತು. ಮೇಷ್ಟ್ರು ಅದನ್ನು ಒರೆಸಿ, ಕಿಟಕಿಗಳಿಗೆ ನೀಲಿ ಟಾರ್ಪಾಲು ಕಟ್ಟಿಸಿ, ಕಪ್ಪು-ಬಿಳುಪಿನ ಚಿತ್ರಗಳನ್ನು ತೋರಿಸುತ್ತಿದ್ದರು. ಸುಮ್ಮನೆ ತೋರಿಸಿದರೆ ಆಗುತ್ತಿತ್ತು. ನಡುನಡುವೆ ನಿಲ್ಲಿಸಿ, "ಈಗ ಯಾರ ಮುಖ ಕಾಣಿಸ್ತಿಲ್ಲ? ಯಾಕೆ ಕಾಣಿಸ್ತಿಲ್ಲ?" ಎಂದು ಪ್ರಾಣ ತಿನ್ನುತ್ತಿದ್ದರು. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ನನಗೆ ಮಾತ್ರ ಹುಚ್ಚು ಹಿಡಿಯಿತು. ಊಟಕ್ಕೆ ಕೂತಾಗಲೂ ಯಾರ ಮುಖ ಯಾರಿಗೆ ಕಾಣಿಸುತ್ತಿಲ್ಲ ಎಂದು ನೋಡುತ್ತಾ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ.

ಒಂದು ಶನಿವಾರ ತಾಯಿ-ಮಗಳ ಕತೆಯ ಚಿತ್ರವೊಂದು ಶುರುವಾಯಿತು. ಹತ್ತೇ ನಿಮಿಷಕ್ಕೆ ನನಗೆ ಗೊತ್ತಾಗಿಹೋಯಿತು, ಇದು ನಮ್ಮಜ್ಜಿಯ ಸಿನಿಮಾ. ಭೇರ್ಯದ ನಮ್ಮ ಮನೆಯಲ್ಲಿ ಅಜ್ಜಿ ನನಗೆ ಜಡೆ ಹಾಕುವಾಗೆಲ್ಲ ಹೇಳುತ್ತಿದ್ದ ಕತೆ ಅದು. ಅಜ್ಜಿಗೆ ಹತ್ತು ವರ್ಷವಾಗಿದ್ದಾಗ ಅವಳ ಅವ್ವ ಜ್ವರ ಬಂದು ತೀರಿಕೊಂಡಿದ್ದರು. ಅದೇ ವರ್ಷ ಊರಿನ ಸಿನಿಮಾ ಟೆಂಟಿಗೆ ಈ ಚಿತ್ರ ಬಂದಿತ್ತಂತೆ.

ಮೇಷ್ಟ್ರು ಅರ್ಧ ಗಂಟೆ ಉಳಿದಿರುವಾಗ ನಿಲ್ಲಿಸಿ, ಮುಂದೇನಾಗುತ್ತದೆ ಊಹಿಸಿ ಬರೆದು ತನ್ನಿ ಎಂದರು. ಊಹೆ ಯಾಕೆ, ನನಗೆ ಗೊತ್ತೇ ಇತ್ತಲ್ಲ. ಎರಡು ಪುಟ ಬರೆದೆ: ತಾಯಿ ಸಾಯುತ್ತಾಳೆ, ಮಗಳು ಹೊಳೆಯ ದಡದಲ್ಲಿ ಅಳುತ್ತಾಳೆ, ಶುಭಂ ಎಂದು ಬರುತ್ತದೆ, ಅದಾದ ಮೇಲೆ ತಾಯಿ ವಾಪಸ್ ಬಂದು ಜಗಲಿಯ ಬಿಸಿಲಲ್ಲಿ ಕೂತು ಮಗಳಿಗೆ ಜಡೆ ಹಾಕುತ್ತಾಳೆ. ಮುಂದಿನ ಶನಿವಾರ ಎದ್ದು ನಿಂತು, ಇದು ನಮ್ಮಜ್ಜಿ ನೋಡಿದ ಸಿನಿಮಾ ಎಂದು ಹೇಳಿ, ಅದನ್ನು ಗಟ್ಟಿಯಾಗಿ ಓದಿದ್ದೂ ಆಯಿತು.

ಆಮೇಲೆ ಉಳಿದ ಚಿತ್ರ ನೋಡಿದೆವು. ಜಡೆ ಹಾಕುವುದು ಮೊದಲೇ ಬಂತು. ತಾಯಿ ಸತ್ತದ್ದು ಆಮೇಲೆ. ಶುಭಂ ಎಂದು ಬಂತು, ಮುಗಿಯಿತು, ಬೋರ್ಡು ಕಪ್ಪಾಯಿತು.

"ನಿಮ್ಮಜ್ಜಿ ಚೆನ್ನಾಗಿ ರೀಲು ಬುಟ್ಟವ್ರೆ ಕಣೇ" ಎಂದಳು ನನ್ನ ಬೆಂಚಿನವಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ನಮ್ಮಜ್ಜಿ ಸುಳ್ಳು ಹೇಳುವ ಪೈಕಿಯವಳಲ್ಲ. ಕ್ಯಾನು ತೊಳೆದ ನೀರು ಪೂರ್ತಿ ಬಸಿದಿಲ್ಲ ಎಂದು, ಡೈರಿಗೆ ಹಾಲು ಹಾಕಲು ಹೊರಟ ಅಪ್ಪನನ್ನು ಅರ್ಧ ದಾರಿಯಿಂದ ವಾಪಸ್ ಕರೆಸಿದವಳು. ಅವಳನ್ನು ಸುಳ್ಳಿ ಎಂದರೆ ನಾನು ಸುಮ್ಮನಿರುವುದು ಹೇಗೆ?

ಮೇಷ್ಟ್ರು ನಗಲಿಲ್ಲ. ನನ್ನ ಎರಡು ಪುಟವನ್ನು ಇನ್ನೊಮ್ಮೆ ಓದಿ, "ಶುಭಂ ಆದ ಮೇಲೆ ಅಂತ ಬರೆದಿದ್ದೀಯ. ಅಜ್ಜಿ ಹಾಗೇ ಹೇಳಿದ್ರಾ?" ಎಂದು ಕೇಳಿದರು.

"ಹೂಂ ಸಾರ್. ಪ್ರತೀ ಸಲ ಹಂಗೇ ಹೇಳೋದು."

"ಸುಳ್ಳು ಕಟ್ಟೋರು ಶುಭಂನ ಕೊನೇಲಿ ಇಡ್ತಾರೆ ಕಣಮ್ಮ, ಮಧ್ಯದಲ್ಲಿ ಇಡಲ್ಲ. ಏನೋ ನಡೆದಿದೆ. ವಿಚಾರಿಸಿ ಬರೆದುಕೊಂಡು ಬಾ, ಅದೇ ನಿನ್ನ ಪ್ರಾಜೆಕ್ಟು."

ಸಂಜೆ ಮನೆಗೆ ಹೋದವಳೇ, ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಎದುರು ಕೂತೆ. ಸ್ಕೂಲಿನಲ್ಲಿ ನೋಡಿದ ಸಿನಿಮಾದಲ್ಲಿ ತಾಯಿ ವಾಪಸ್ ಬರಲೇ ಇಲ್ಲ ಎಂದೆ.

"ನಿಮ್ಮ ಮೇಷ್ಟ್ರು ಪೂರ್ತಿ ತೋರ್ಸಿಲ್ಲ ಬುಡು" ಎಂದಳು ಅಜ್ಜಿ, ತಲೆ ಎತ್ತದೆ. "ನಾನು ಕಣ್ಣಾರೆ ನೋಡಿವ್ನಿ. ಬೇಕಾರೆ ರೀಲ್ ಡಬ್ಬ ತತ್ತಿದ್ರಲ್ಲ ಸಾಬ್ರು, ಅವ್ರನ್ನ ಕೇಳೋಗು. ಕೆ.ಆರ್. ನಗರದ ಬಸ್ ಸ್ಟ್ಯಾಂಡ್ ತಾವ ಸೈಕಲ್ ಶಾಪ್ ಮಡಗವ್ರೆ."

ಸೋಮವಾರವೇ ಹೋದೆ. ಸಾಬರಿಗೆ ಎಪ್ಪತ್ತು ದಾಟಿತ್ತು. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದರು. ನಾನು ಸಿನಿಮಾದ ಹೆಸರು ಹೇಳಿದ ಕೂಡಲೇ ಟ್ಯೂಬು ಅವರ ಕೈಯಿಂದ ಜಾರಿ ನೀರಿಗೆ ಬಿತ್ತು.

"ಇಷ್ಟು ವರ್ಷದ ಮೇಲೆ ಸಿಕ್ಕಿಬಿದ್ದೆ ನೋಡು ಮಗ" ಎಂದು ನಕ್ಕು ಹೇಳತೊಡಗಿದರು.

"ಭೇರ್ಯದ ಟೆಂಟಿಗೂ ಪಕ್ಕದೂರಿನ ಟೆಂಟಿಗೂ ಒಂದೇ ಪ್ರಿಂಟು. ಅಲ್ಲಿ ಓಡಿದ ರೀಲನ್ನ ನಾನು ಸೈಕಲ್ ಮೇಲೆ ಭೇರ್ಯಕ್ಕೆ ತರಬೇಕು. ಮೊದಲ್ನೇ ದಿನ ನಾಲೆ ಏರಿ ಮೇಲೆ ಜಾರಿ ಗದ್ದೆಗೆ ಬಿದ್ದೆ. ಕೊನೇ ಎರಡು ಡಬ್ಬಾನೂ ನನ್ನ ಜೊತೇಲೇ ಕೆಸರಿಗೆ ಬಿದ್ವು. ನಂಬರ್ ಚೀಟಿ ಕಿತ್ತೋಗಿತ್ತು. ಲೇಟಾದ್ರೆ ಬೈತಾರೆ ಅಂತ ಒರೆಸಿ, ಅಂದಾಜಿನ ಮೇಲೆ ಕೊಟ್ಟೆ. ತಾಯಿ ಸತ್ತು ಶುಭಂ ಬರೋ ಕೊನೇ ರೀಲು ಮೊದ್ಲು ಓಡ್ತು, ಅದರ ಹಿಂದಿಂದು, ಜಡೆ ಹಾಕೋದು, ಕೊನೇಗೆ ಓಡ್ತು."

"ಜನ ಗಲಾಟೆ ಮಾಡ್ಲಿಲ್ವಾ ತಾತ?"

"ಸತ್ತ ತಾಯಿ ಎದ್ದು ಬಂದ್ರೆ ಯಾರಮ್ಮ ಗಲಾಟೆ ಮಾಡ್ತಾರೆ? ಕಣ್ಣೊರೆಸ್ಕೊಂಡು ಖುಷಿಯಾಗಿ ಮನೆಗೆ ಹೋದ್ರು. ಗಲಾಟೆ ಆಗಿದ್ದು ಮಾರನೇ ದಿನ, ಸರಿಯಾಗಿ ಓಡಿಸ್ದಾಗ. ನೆನ್ನೆ ಬದುಕ್ಸಿದ್ರಿ, ಇವತ್ತು ಯಾಕ್ರೀ ಸಾಯಿಸ್ತೀರಿ ಅಂತ ಹೆಂಗಸರು ಆಪರೇಟರ್ ಮೇಲೆ ಬಿದ್ರು. ಹೆಂಗೋ ಸಮಾಧಾನ ಮಾಡಿ ಕಳಿಸ್ದೋ. ಟೆಂಟೆಲ್ಲ ಖಾಲಿ ಆಯ್ತು. ಒಂದು ಹೆಣ್ಣು ಕೂಸು ಮಾತ್ರ ಮರಳ ಮೇಲೆ ಕೂತಿದ್ದು ಏಳ್ಲೇ ಇಲ್ಲ. ಇನ್ನೂ ಐತೆ, ಇನ್ನೂ ಐತೆ ಅಂತಿತ್ತು. ಆಪರೇಟರು ನನ್ನ ಮುಖ ನೋಡ್ದ. ಆಮೇಲೆ ಅದೊಂದು ಕೂಸಿಗೋಸ್ಕರ ಆ ಜಡೆ ಹಾಕೋ ರೀಲನ್ನ ಮತ್ತೆ ಹಾಕ್ದ. ಅವತ್ತಿಂದ ವಾರ ಪೂರ್ತಿ ಭೇರ್ಯದಲ್ಲಿ ಉಲ್ಟಾನೇ ಓಡ್ತು."

ಅದನ್ನೆಲ್ಲ ಬರೆದು ಮೇಷ್ಟ್ರಿಗೆ ಕೊಟ್ಟೆ. ಅವರು ಕ್ಲಾಸಿಗೆಲ್ಲ ಓದಿ ಹೇಳಿದರು. ಬೆಂಚಿನವಳು ತಾನಾಗೇ ಬಂದು, "ತಪ್ಪಾಯ್ತು ಬುಡೇ" ಎಂದಳು. ನಾನು ಗೆದ್ದಿದ್ದೆ. ಗೆದ್ದವಳು ಅಲ್ಲಿಗೆ ಸುಮ್ಮನಾಗಬೇಕಿತ್ತು. ಅಜ್ಜಿಯನ್ನೇ ಕರೆದುಕೊಂಡು ಬಂದು ಎಲ್ಲರ ಮುಂದೆ ಕೂರಿಸುತ್ತೇನೆ ಎಂದೆ. ಮೇಷ್ಟ್ರೂ ಆಗಲಿ ಎಂದರು. ಮನೆಯಲ್ಲಿ ಮಾತ್ರ ರೀಲಿನ ವಿಷಯ ಬಾಯಿ ಬಿಡಲಿಲ್ಲ. ನಿನ್ನ ಸಿನಿಮಾ ಹಾಕುತ್ತಾರೆ ಬಾ ಎಂದಷ್ಟೇ ಹೇಳಿದೆ.

ಶನಿವಾರ ಅಜ್ಜಿ ಮದುವೆಮನೆಗೆ ಉಡುವ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. ಮೊದಲ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಸಿನಿಮಾದ ತಾಯಿ ಜಡೆ ಹಾಕಿ ಮುಗಿಸಿ ಕೆಮ್ಮಲು ಶುರುಮಾಡಿದಾಗಲೇ ನನಗೆ ಬುದ್ಧಿ ಬಂದದ್ದು. ಇಷ್ಟು ವರ್ಷ ಇವಳು ಬದುಕಿಸಿಕೊಂಡು ಬಂದ ತಾಯಿಯನ್ನು ನಾನು, ಮೊಮ್ಮಗಳು, ಬಸ್ಸು ಹತ್ತಿಸಿ ಕರೆತಂದು ಸಾಯಿಸುತ್ತಿದ್ದೇನೆ. ನಿಲ್ಲಿಸಿ ಸಾರ್ ಎನ್ನಬೇಕೆಂದುಕೊಂಡೆ. ಅಜ್ಜಿಯ ಮುಖ ನೋಡಲು ಧೈರ್ಯ ಬರದೆ ಅವಳ ಕೈ ನೋಡುತ್ತಾ ಕೂತೆ.

ಶುಭಂ ಬಂತು. ಯಾರೋ ಟಾರ್ಪಾಲು ಎತ್ತಿದರು. ಹುಡುಗರು ಬ್ಯಾಗು ಹೆಗಲಿಗೆ ಹಾಕಿಕೊಂಡರು. ಅಜ್ಜಿ ಅಲುಗಲಿಲ್ಲ.

"ಏಳಜ್ಜಿ, ಮುಗೀತು" ಎಂದೆ.

"ಕೂತ್ಕೊ ಕಣವ್ವ" ಎಂದಳು ಅಜ್ಜಿ, ಕಪ್ಪಾದ ಬೋರ್ಡಿನಿಂದ ಕಣ್ಣು ಕೀಳದೆ. "ಇನ್ನೂ ಐತೆ."

ಮೇಷ್ಟ್ರ ಕಡೆ ನೋಡಿದೆ. ಮರಳ ಮೇಲೆ ಕೂತಿದ್ದ ಆ ಕೂಸು ಯಾರೆಂದು ಅವರಿಗೂ ಗೊತ್ತಾಗಿತ್ತು. ಟಾರ್ಪಾಲು ಇಳಿಸುವಂತೆ ಸನ್ನೆ ಮಾಡಿದರು. ಬೋರ್ಡಿನ ಮೇಲೆ ಬೆರಳಿಟ್ಟು ಚಿತ್ರವನ್ನು ಹಿಂದಕ್ಕೆ ಎಳೆದರು. ಜಗಲಿ, ಬಿಸಿಲು, ಬಾಚಣಿಗೆ ಹಿಡಿದ ತಾಯಿ. ಹೊರಟು ನಿಂತಿದ್ದ ಕ್ಲಾಸು ಬ್ಯಾಗು ಕೆಳಗಿಟ್ಟು ಕೂತಿತು. ಯಾರೂ ನಗಲಿಲ್ಲ.

ಜಡೆ ಹಾಕಿ ಮುಗಿಯುವವರೆಗೂ ಅಜ್ಜಿ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ಈಗ ಮುಗೀತು, ನಡಿ" ಎಂದಳು. "ಬಸ್ ಒಂಟೋಯ್ತದೆ."