ಆರಿ ಹೋದ ಉಪ್ಪಿಟ್ಟು

ಕಳೆದ ವರ್ಷ ದೀಪಾವಳಿ ಮುಗಿದ ಮೊದಲ ಭಾನುವಾರ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ನಡೆದ ಸಂಗತಿ ಇದು. ನಾನು ಸಂಘದ ಕಾರ್ಯದರ್ಶಿ. ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾಗಬೇಕು, ಹೇಳಿದ ಹೊತ್ತಿಗೆ ಮುಗಿಯಬೇಕು ಎನ್ನುವವನು. ಅದಕ್ಕೆಂದೇ ಒಂದು ಹಿತ್ತಾಳೆ ಗಂಟೆ ಇಟ್ಟುಕೊಂಡಿದ್ದೇನೆ. ಸಂಜೆ ಏಳೂವರೆಗೆ ಅದನ್ನು ಬಾರಿಸಿದರೆ ಎಂಥ ಭಾಷಣವೂ ನಿಲ್ಲುತ್ತದೆ, ಉಪಾಹಾರ ಬರುತ್ತದೆ.

ಕಲ್ಯಾಣದಲ್ಲಿ ಹೋಟೆಲ್ ನಡೆಸುವ ಸದಾನಂದಣ್ಣ ನನ್ನ ಹಳೆಯ ಸ್ನೇಹಿತರು. ಅವರ ಮಗಳು ವಿನಯಾ ಕಾಯಿಲೆಯಿಂದ ತೀರಿಕೊಂಡು ಆಗ ಕೆಲವು ತಿಂಗಳಾಗಿತ್ತು. ಆಕೆ ಯಾವ ನಿರ್ಮಾಪಕರೂ ಇಲ್ಲದೆ, ತನ್ನದೇ ಕ್ಯಾಮೆರಾದಲ್ಲಿ ಸಿನಿಮಾ ಮಾಡುತ್ತಿದ್ದಳು. "ಕಥೆ ಇಲ್ಲ, ಹಾಡಿಲ್ಲ, ಯಾರು ನೋಡ್ತಾರೆ?" ಎನ್ನುತ್ತಿದ್ದ ತಂದೆಯೇ ಈಗ ನನ್ನ ಬಳಿ ಬಂದರು. "ಅವಳ ಕೊನೆಯ ಸಿನಿಮಾ ಒಮ್ಮೆ ನಮ್ಮವರ ಎದುರು ಹಾಕುವ ಮಾರಾಯ್ರೆ. ಜನ ಕೂತು ನೋಡ್ತಾರಾ ಅಂತ ನನಗೆ ಗೊತ್ತಾಗ್ಬೇಕು. ಉಪ್ಪಿಟ್ಟು ನನ್ನ ಲೆಕ್ಕ."

ಪ್ರೊಜೆಕ್ಟರ್ ಕೈಕೊಟ್ಟು ಸಿನಿಮಾ ತಡವಾಗಿ ಶುರುವಾಯಿತು. ಬಹಳ ಹೊತ್ತು ಬರೀ ಹಳಿ, ಕಳವಾ ಸ್ಟೇಷನ್ನಿನ ಬಳಿಯ ರೈಲ್ವೆ ಶೆಡ್ಡು, ಖಾಲಿ ಬೋಗಿ. ಮಾತೇ ಇಲ್ಲ. "ಇದೆಂತ, ರೈಲ್ವೆಯವರ ಜಾಹೀರಾತಾ?" ಎಂದರು ಹಿಂದಿನ ಸಾಲಿನವರೊಬ್ಬರು. ಎಲ್ಲರೂ ನಕ್ಕರು. ಬಾಗಿಲ ಬಳಿ ಉಪ್ಪಿಟ್ಟಿನ ಪಾತ್ರೆಯ ಪಕ್ಕ ನಿಂತಿದ್ದ ಸದಾನಂದಣ್ಣ ತಲೆ ತಗ್ಗಿಸಿದರು. ಅಷ್ಟರಲ್ಲಿ ಏಳೂವರೆಯಾಯಿತು. ತಟ್ಟೆಗಳ ಸದ್ದಿಗೆ ಅರ್ಧ ಜನ ಎದ್ದರು. ನಾನೂ ಗಂಟೆ ಕೈಗೆತ್ತಿಕೊಂಡೆ.

ಆಗ ಪರದೆಯ ಮೇಲೆ ಆ ಬೋಗಿ ತುಂಬಿತು. ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟ ಹೆಂಗಸರು. ಒಬ್ಬಳು ಬೀನ್ಸಿನ ನಾರು ತೆಗೆಯುತ್ತಿದ್ದಳು, ಒಬ್ಬಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

"ಅಯ್ಯೋ, ಇದು ನಮ್ಮ ಲೇಡೀಸ್ ಡಬ್ಬಾ!" ನನ್ನ ಹೆಂಡತಿ ಕೂಗಿದಳು. ನಿವೃತ್ತಿಯವರೆಗೂ ಆ ಲೋಕಲ್ ರೈಲಿನಲ್ಲೇ ಓಡಾಡಿದವಳು. "ಥಾಣೆ ಬಂತು, ಅರ್ಧ ದಾರಿ. ನೋಡಿ, ಈಗ ಕೂತವಳು ಎದ್ದು, ನಿಂತವಳಿಗೆ ಸೀಟು ಕೊಡ್ತಾಳೆ."

ಹಾಗೆಯೇ ಆಯಿತು. ಎದ್ದವಳ ಕೈಯಲ್ಲಿದ್ದ ಅರ್ಧ ಬಿಡಿಸಿದ ಸೊಪ್ಪನ್ನು ಆಗಷ್ಟೇ ಕೂತವಳು ತನ್ನ ಮಡಿಲಿಗೆ ಎಳೆದುಕೊಂಡು ಬಿಡಿಸತೊಡಗಿದಳು.

ಎದ್ದ ಜನ ಎದ್ದಲ್ಲೇ ನಿಂತರು. ನನ್ನ ಕೈ ನೋಡಿ ಹೆಂಡತಿ, "ಆ ಗಂಟೆ ಬಾರಿಸಿದ್ರೆ ಇವತ್ತು ನಿಮಗೆ ಊಟ ಇಲ್ಲ" ಎಂದಳು. ಗಂಟೆಯ ನಾಲಿಗೆ ಹಿಡಿದು ಸದ್ದಾಗದಂತೆ ಚೀಲದೊಳಗಿಟ್ಟೆ. ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದ ಅಷ್ಟೂ ವರ್ಷ ನಮ್ಮ ಮನೆಗೆ ಬಿಡಿಸಿದ ಸೊಪ್ಪೇ ಬರುತ್ತಿತ್ತು. ಅದರಲ್ಲಿ ಎಷ್ಟು ಜನರ ಕೈಯಿತ್ತೆಂದು ವಿನಯಾಳ ಸಿನಿಮಾದಿಂದ ತಿಳಿಯಿತು. ಅವಳಿಗೆ ಹೇಳೋಣವೆಂದರೆ ಅವಳಿಲ್ಲ.

ದೀಪ ಹತ್ತಿದಾಗ ಸದಾನಂದಣ್ಣ ಪಾತ್ರೆಯ ಮುಚ್ಚಳ ತೆಗೆದು ಮುಟ್ಟಿ ನೋಡಿದರು.

"ಪೂರಾ ಆರಿದೆ ಮಾರಾಯ್ರೆ," ಎಂದರು. "ಹೋಟೆಲಲ್ಲಾದ್ರೆ ಅಡುಗೆಯವನಿಗೆ ಬೈತಿದ್ದೆ." ಕಣ್ಣೊರೆಸಿಕೊಂಡು, ತಾವೇ ಸೌಟು ಹಿಡಿದು ಬಡಿಸಿದರು. ಎಲ್ಲರೂ ತಣ್ಣಗಿನ ಉಪ್ಪಿಟ್ಟನ್ನೇ ಎರಡೆರಡು ಸಲ ಹಾಕಿಸಿಕೊಂಡರು.

ಸಂಘದ ಕಾರ್ಯಕ್ರಮಗಳು ಈಗಲೂ ಸಮಯಕ್ಕೇ ಮುಗಿಯುತ್ತವೆ. ಸಿನಿಮಾ ಇದ್ದ ದಿನ ಮಾತ್ರ ನಾನು ಗಂಟೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.