ಶಾಣ್ಯಾಕಿ

ನಮ್ಮ ಗೋಕಾಕದ ಕಡೆ ಶಾಣ್ಯಾಕಿ ಎಂದರೆ ಜಾಣೆ. ಆದರೆ ಆ ಮಾತನ್ನು ಹೊಗಳಲು ಬಳಸಿದ್ದಕ್ಕಿಂತ ಬಾಯಿ ಮುಚ್ಚಿಸಲು ಬಳಸಿದ್ದೇ ಹೆಚ್ಚು.

ಕರದಂಟಿನ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನಾವು ಹೆಂಗಸರು ಒಳಕೋಣೆಯ ಮಬ್ಬಿನಲ್ಲಿ ಕೂತು ಉತ್ತತ್ತಿಯ ಬೀಜ ತೆಗೆಯುತ್ತಿದ್ದೆವು. ಬಾಗಿಲ ಬೆಳಕಿಗೆ ಕೂತರೆ ಬೀಜದ ಚೂರು ಉಳಿಯುವುದಿಲ್ಲ ಎಂದು ಮಾಲೀಕರಿಗೆ ಹೇಳಿದೆ.

"ಭಾಳ ಶಾಣ್ಯಾಕಿ ಆಗಬ್ಯಾಡ. ಹೇಳಿದಷ್ಟ ಮಾಡು," ಎಂದರು.

ಎಲ್ಲರೂ ನಕ್ಕರು. ವರ್ಷಗಟ್ಟಲೆ ನನಗೆ ಅದೇ ಹೆಸರಾಯಿತು. ಮತ್ತೆಂದೂ ನಾನು ಏನನ್ನೂ ಸೂಚಿಸಲಿಲ್ಲ. ಸುಮ್ಮನಿದ್ದದ್ದಕ್ಕೇ ಇರಬೇಕು, ಮೇಲ್ವಿಚಾರಕಿಯಾದೆ.

ಈಗ ಕಾರ್ಖಾನೆ ನೋಡಿಕೊಳ್ಳುವವರು ಮಾಲೀಕರ ಮಗ. ಕೆಲಸದವರ ತಲೆಯೂ ಓಡಬೇಕು ಎಂದು ಹೋದ ತಿಂಗಳು ಬೆಳಗಾವಿಯಿಂದ ಒಬ್ಬ ತರಬೇತಿದಾರರನ್ನು ಕರೆಸಿದರು. ಅವರು ಎಲ್ಲರ ಕೈಗೂ ಒಂದೊಂದು ಹಳದಿ ಚೀಟಿ ಕೊಟ್ಟು, "ಹೊಸಾ ವಿಚಾರ ಏನರೆ ಇದ್ರ ಇದರಾಗ ಬರೀರಿ, ಇಲ್ಲಾ ಎದ್ದು ಹೇಳ್ರಿ, ಅಂಜಬ್ಯಾಡ್ರಿ," ಎಂದರು. ಯಾರೂ ಚೀಟಿ ನೋಡಲಿಲ್ಲ, ನನ್ನ ಮುಖ ನೋಡಿದರು. ಕೊನೆಗೆ ಧುಪದಾಳದಿಂದ ಬರುವ ಹೊಸ ಹುಡುಗಿ ಎದ್ದು ನಿಂತಳು.

"ಅಕ್ಕಾರ, ಉತ್ತತ್ತಿ ಬಾಗಲದಾಗ ಕುಂತು ಹಸನ ಮಾಡಿದ್ರ..."

"ಭಾಳ ಶಾಣ್ಯಾಕಿ ಆಗಬ್ಯಾಡವಾ, ಕುಂಡ್ರು."

ಮಾತು ನನ್ನ ಬಾಯಿಂದಲೇ ಬಂದಿತ್ತು. ಎಲ್ಲರೂ ನಕ್ಕರು, ತರಬೇತಿದಾರರೂ ನಕ್ಕರು. ಅವಳು ಕೂತು, ಆ ಹಳದಿ ಚೀಟಿಯಿಂದ ಬೆರಳಿಗಂಟಿದ ಬೆಲ್ಲ ಒರೆಸಿಕೊಂಡಳು.