ಸ್ಕಾಲರ್‌ಶಿಪ್ಪಿಗಾಗಿ ಓಣಿಯವರು ಸಿಂಗರಿಸಿದ ಮನೆ

ಚಿನ್ನು, ಪುಟ್ಟಿ, ನಿಮ್ಮ ಅತ್ತಿ ಧಾರವಾಡದಲ್ಲಿ ಕೃಷಿ ಓದುತ್ತಾಳೆ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತೀರಿ. ಅಲ್ಲಿಗೆ ಹೋದದ್ದು ಹೇಗೆ ಅಂತ ಕೇಳಿದರೆ ಆಕೆ ನಕ್ಕು ನನ್ನ ಕಡೆ ಬೆರಳು ಮಾಡುತ್ತಾಳೆ. ನನಗೆ ಬಾಯಿಬಿಟ್ಟು ಹೇಳಲು ಸಂಕೋಚ. ಊರ ಸಾಲಿಯಲ್ಲಿ ಕಲಿತಷ್ಟು ಅಕ್ಷರ ಕೈಯಲ್ಲಿದೆ, ಅದರಲ್ಲೇ ಬರೆಯುತ್ತೇನೆ. ಆಗ ನೀವು ಗದಗಿನಲ್ಲಿ ಅಪ್ಪ-ಅವ್ವನ ಹತ್ತಿರ ಇದ್ದಿರಿ, ಇನ್ನೂ ಸಣ್ಣವರು. ಊರ ಮನೆಯಲ್ಲಿ ನಿಮ್ಮ ಅಜ್ಜಿ ನಾನು, ನನ್ನ ಮಗಳು ನಿಮ್ಮ ಅತ್ತಿ, ಇಬ್ಬರೇ.

ಆಕೆಗೆ ಬಿ.ಎಸ್ಸಿ. ಸೀಟು ಸಿಕ್ಕಿತ್ತು. ಮೊದಲ ವರ್ಷದ ಫೀ ಹೇಗೋ ಕಟ್ಟಬಹುದಿತ್ತು. ಹಾಸ್ಟೆಲ್ಲು, ಪುಸ್ತಕ, ಮುಂದಿನ ವರ್ಷಗಳು ನನ್ನ ಕೂಲಿಯಲ್ಲಿ ಆಗುವಂಥವಲ್ಲ. ಸ್ಕಾಲರ್‌ಶಿಪ್ಪು ಸಿಗದಿದ್ದರೆ ಸೀಟು ಬಿಡುವುದು ಅಂತ ಆಕೆಯೇ ಗಟ್ಟಿ ಮಾಡಿಕೊಂಡಿದ್ದಳು. ಕೂಲಿ ಮನೆತನದ ಹೆಣ್ಣುಮಕ್ಕಳಿಗೆ ಓದು ಮುಗಿಯುವ ತನಕ ಸಹಾಯ ಮಾಡುವ ಒಂದು ಟ್ರಸ್ಟು ಹುಬ್ಬಳ್ಳಿಯಲ್ಲಿದೆ ಅಂತ ಸಂಶಿಯಲ್ಲಿ ಆಕೆ ಪಿಯುಸಿ ಓದಿದ ಕಾಲೇಜಿನ ಗೋಡೆಗೆ ಹಚ್ಚಿದ್ದರು. ನಮ್ಮದು ಬರೀ ಗುಂಡಿ ಒತ್ತುವ ಫೋನು, ಫೋಟೊ ತೆಗೆಯುವುದಲ್ಲ. ಅದಕ್ಕೆ ವಿಳಾಸ, ಬೇಕಾದ ಕಾಗದಗಳ ಪಟ್ಟಿ ಎಲ್ಲ ಅಂಗೈ ಮೇಲೆ ಬರೆದುಕೊಂಡಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬರುವುದರಲ್ಲಿ ಅರ್ಧ ಅಳಿಸಿಹೋಗಿತ್ತು. ಮರುದಿನ ಮತ್ತೆ ಹೋಗಿ ಮೊಣಕೈ ತನಕ ಬರೆದುಕೊಂಡು ಬಂದಳು.

ಬೇಕಾದಷ್ಟು ಅಂಕ ಇದ್ದವು. ಆದಾಯ ಪ್ರಮಾಣಪತ್ರವೂ ಆಯಿತು. ಇನ್ನುಳಿದದ್ದು ಟ್ರಸ್ಟಿನವರು ಮನೆಗೆ ಬಂದು ನಮ್ಮ ಸ್ಥಿತಿ ನೋಡಿಕೊಂಡು ಹೋಗುವುದು. ಒಂದು ಮುಂಜಾನೆ ಆಕೆ ಯಾವುದೋ ಸಹಿಗೆ ಕುಂದಗೋಳಕ್ಕೆ ಹೋಗಿದ್ದಾಗ ಮನೆಯಲ್ಲಿಟ್ಟ ಫೋನು ಹೊಡೆದುಕೊಂಡಿತು. ಮಧ್ಯಾಹ್ನ ಬರುತ್ತೇವೆ ಅಂದರು.

ಹುಬ್ಬಳ್ಳಿಯಿಂದ ಕಾರಿನಲ್ಲಿ ಜನ ಬರುತ್ತಾರೆ, ನಮ್ಮಲ್ಲಿ ಕೂಡಲು ಒಂದು ಮಣೆ. ಓಣಿಯವರೆಲ್ಲ ಖಾಲಾ ಅಂತ ಕರೆಯುವ ಬಾಜು ಮನೆಯಾಕೆಯ ಹತ್ತಿರ ಚಹಾಕ್ಕೆ ಎರಡು ಕಪ್ಪು-ಬಸಿ ಕೇಳಲು ಹೋದೆ. ನಾನು ಮಾಡಿದ್ದು ಅಷ್ಟೇ. ಉಳಿದದ್ದನ್ನೆಲ್ಲ ಓಣಿ ಮಾಡಿತು.

"ಬರೇ ಕಪ್ಪು ಒಯ್ದು ಏನ್ಮಾಡ್ತಿ? ಕೂಡಾಕ ಏನೈತಿ ನಿನ್ನ ಮನ್ಯಾಗ?" ಅಂತ ಖಾಲಾ ಜಮಖಾನ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಬಂದಳು. ಎದುರು ಮನೆಯಿಂದ ಕೆಂಪು ಖುರ್ಚಿಗಳು ಬಂದವು. ಹಿಟ್ಟಿನ ಗಿರಣಿಯವರು ಟೇಬಲ್ ಫ್ಯಾನು ಕಳಿಸಿದರು. ಫ್ರಿಜ್ಜು ಎತ್ತಿ ತರಲು ಆಗಲಿಲ್ಲವೆಂದು ಅದರೊಳಗಿನ ತಣ್ಣೀರಿನ ಬಾಟಲಿ ತಂದಿಟ್ಟರು. ನಮ್ಮ ಕೌದಿ, ಜೋಳದ ಚೀಲ, ಒಡಕು ಬಕೀಟು, ಎಲ್ಲವನ್ನೂ ಅಡುಗೆಮನೆಗೆ ತುರುಕಿ ಕದ ಹಾಕಿದೆವು. ಉಪ್ಪಿಟ್ಟು ಖಾಲಾನ ಒಲೆಯ ಮೇಲೆ ಆಯಿತು. ಕೊನೆಗೆ ಆಕೆ ನನ್ನ ಬರಿ ಕೊರಳು ನೋಡಿ ತನ್ನ ಒಂದೆಳೆ ಬಂಗಾರದ ಸರ ಬಿಚ್ಚಿದಳು.

"ಬ್ಯಾಡ ಖಾಲಾ."

"ಸುಮ್ಮನಿರ ಬೇ. ಬಂದವರು ನಮ್ಮ ಓಣಿ ಬಗ್ಗೆ ಏನ್ ತಿಳ್ಕೋಬೇಕು?"

ಟ್ರಸ್ಟಿನಿಂದ ಒಬ್ಬರು ಸಾಹೇಬರು, ನಮ್ಮ ಕಡೆ ಬಾಯಾರು ಅನ್ನುವಂಥ ಒಬ್ಬರು ಮೇಡಂ ಬಂದು ಖುರ್ಚಿಯ ಮೇಲೆ ಕೂತರು. ಓಣಿಯವರು ಬಾಗಿಲ ತುಂಬ ನಿಂತರು. ಸಾಹೇಬರು ಫ್ಯಾನು ನೋಡಿದರು, ಜಮಖಾನ ನೋಡಿದರು, ನನ್ನ ಕೊರಳು ನೋಡಿದರು. ಏನೂ ಬರೆದುಕೊಳ್ಳಲಿಲ್ಲ. ಪೆನ್ನು ಕಿಸೆಗೆ ಹೋಯಿತು.

ಅಷ್ಟರಲ್ಲಿ ನಿಮ್ಮ ಅತ್ತಿ ಕುಂದಗೋಳದ ಬಸ್ಸಿಳಿದು ಬಂದಳು. ಬೇರೆಯವರ ಮನೆ ಹೊಕ್ಕೆನೇನೋ ಅನ್ನುವ ಹಾಗೆ ಹೊಸ್ತಿಲಲ್ಲೇ ನಿಂತಳು. ನೋಡಿದ ಕೂಡಲೇ ಎಲ್ಲ ತಿಳಿಯಿತು ಆಕೆಗೆ. ಆದರೆ ಕೊಟ್ಟವರೆಲ್ಲ ಬೆನ್ನ ಹಿಂದೆಯೇ ನಿಂತಿರುವಾಗ ಏನು ಹೇಳಿಯಾಳು?

"ಮನಿ ಅನುಕೂಲ ಐತಲ್ಲವಾ," ಅಂದರು ಸಾಹೇಬರು ಮೆಲ್ಲಗೆ. "ಇದಕ್ಕಿಂತ ತ್ರಾಸಿನ್ಯಾಗ ಇದ್ದವರು ಭಾಳ ಮಂದಿ ಅರ್ಜಿ ಹಾಕ್ಯಾರ." ಎದ್ದು ನಿಂತರು.

ನಾನು ಹೊರಗಿನ ಗಂಡಸರ ಎದುರು ಮಾತಾಡಿದವಳಲ್ಲ. ನಿಮ್ಮ ಅಜ್ಜ ಇದ್ದಾಗ ಅವರೇ ಮಾತಾಡುತ್ತಿದ್ದರು, ಅವರು ಹೋದ ಮೇಲೆ ನಿಮ್ಮ ಅತ್ತಿ. ಆಕೆ ಈಗ ತುಟಿ ಕಚ್ಚಿ ನೆಲ ನೋಡುತ್ತಿದ್ದಳು. ಇವರು ಹೊಸ್ತಿಲು ದಾಟಿದರೆ ಸೀಟು ಹೋಯಿತು ಅಂತ ಅನ್ನಿಸಿದ್ದೇ ಮಾತು ಹೊರಬಿತ್ತು.

"ಖುರ್ಚಿ ನಮ್ಮವಲ್ರಿ."

ಸಾಹೇಬರು ಮತ್ತೆ ಕೂತರು, ಅದೇ ಖುರ್ಚಿಯ ಮೇಲೆ.

"ಜಮಖಾನ ಖಾಲಾಂದರಿ. ಫ್ಯಾನು ಗಿರಣಿಯವರದು. ಈ ಸರಾನೂ ಆಕೀದ." ಬಿಚ್ಚಲು ಹೋದರೆ ಸರದ ಕೊಂಡಿ ಕೂದಲಿಗೆ ಸಿಕ್ಕಿಕೊಂಡಿತು.

"ತಡಿ, ಹರದೀಯವ್ವಾ, ಮಗಳ ಮದುವಿಗೆ ಇಟ್ಟದ್ದದು," ಅಂತ ಖಾಲಾ ಮುಂದೆ ಬಂದು ಬಿಡಿಸತೊಡಗಿದಳು.

ಬಾಯಾರು ನಗು ತಡೆದುಕೊಂಡು ಕೇಳಿದರು, "ಮತ್ತ ನಿಮ್ಮದು ಯಾವುದ್ರಿ ಅವ್ವಾರ?"

ಸುತ್ತ ನೋಡಿದೆ. "ಉಪ್ಪಿಟ್ಟಿನ ರವಾ ನಂದರಿ. ಗೋಡಂಬಿ ಎದುರು ಮನಿಯವರದು."

ಬಾಯಾರಿಗೆ ಇನ್ನು ತಡೆಯಲಾಗಲಿಲ್ಲ. ಅವರು ನಕ್ಕದ್ದೇ ಬಾಗಿಲಲ್ಲಿದ್ದವರೆಲ್ಲ ನಕ್ಕರು. ನಾನು ಹೋಗಿ ಅಡುಗೆಮನೆಯ ಕದ ತೆಗೆದೆ. ಕೌದಿಗಳು ಜಾರಿ ಸಾಹೇಬರ ಕಾಲಿನ ತನಕ ಬಂದು ಬಿದ್ದವು, ಹಿಂದೆ ಬಕೀಟು ಉರುಳಿತು.

"ಎಲ್ಲಿ ಕುಂತು ಓದತಿದ್ದಿ?" ಅಂತ ಅವರು ನಿಮ್ಮ ಅತ್ತಿಯನ್ನು ಕೇಳಿದರು.

"ಆ ಜೋಳದ ಚೀಲದ ಮ್ಯಾಲರಿ. ಸುಗ್ಗಿ ಆದಾಗ ಎತ್ತರ ಇರತಿದ್ದೆ. ಮಳಿಗಾಲ ಬರೂದ್ರಾಗ ನೆಲಕ್ಕ ಇಳೀತಿದ್ದೆ."

ಪೆನ್ನು ಹೊರಬಂತು. ಬರೆಯುತ್ತಲೇ ಕೇಳಿದರು, "ಇಷ್ಟೆಲ್ಲಾ ಯಾಕ ತರಿಸಿದ್ರಿ? ನಾವು ನೋಡಾಕ ಬಂದದ್ದ ನಿಮ್ಮ ಅಡಚಣಿ."

ಖಾಲಾ ಬಿಡಲಿಲ್ಲ. "ಮನಿಗೆ ಬಂದವರನ್ನ ಬರೀ ನೆಲದ ಮ್ಯಾಲೆ ಕುಂಡ್ರಸೂದು ಹ್ಯಾಂಗ್ರಿ ಸಾಹೇಬ್ರ? ನಿಮ್ಮನ್ಯಾಗ ಕುಂಡ್ರಸ್ತೀರೇನು?"

ಸಾಹೇಬರು ತಾಟು ಮುಂದೆ ಚಾಚಿ ಇನ್ನಷ್ಟು ಉಪ್ಪಿಟ್ಟು ಹಾಕಿಸಿಕೊಂಡರು.

ಸಂಜೆ ಎಲ್ಲರೂ ತಮ್ಮ ತಮ್ಮ ಸಾಮಾನು ಒಯ್ದರು. ನಿಮ್ಮ ಅತ್ತಿ ನನ್ನ ಮೇಲೆ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಕೆ ಚೀಲಕ್ಕೆ ಒರಗಿ ಕೂತು, "ಗೋಡಂಬಿ ಲೆಕ್ಕಾನೂ ಕೊಟ್ಟೆಲ್ಲವ್ವಾ," ಅಂತ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಕೆಲವು ದಿನಗಳ ಮೇಲೆ ಸ್ಕಾಲರ್‌ಶಿಪ್ಪು ಮಂಜೂರಾಯಿತು ಅಂತ ಫೋನು ಬಂತು. ಆಕೆ ಮೊದಲು ಓಡಿದ್ದು ಖಾಲಾನ ಮನೆಗೆ, ನನಗೆ ಆಮೇಲೆ ಹೇಳಿದಳು. ನನ್ನ ಜಮಖಾನದ ಮೇಲೆ ಆದ ಕೆಲಸ ಅಂತ ಖಾಲಾ ಇವತ್ತಿಗೂ ಹೇಳುತ್ತಾಳೆ.

ನೀವೂ ನಾಳೆ ದೊಡ್ಡ ಓದಿಗೆ ಅರ್ಜಿ ಹಾಕುತ್ತೀರಿ, ಯಾರಾದರೂ ಮನೆ ನೋಡಲು ಬರುತ್ತಾರೆ. ಆ ಮುಂಜಾನೆ ಇದನ್ನು ತೆಗೆದು ಎಲ್ಲರಿಗೂ ಕೇಳುವಂತೆ ಓದಿರಿ, ಮೊದಲು ಓಣಿಯವರಿಗೆ. ಅಲ್ಲಿಯ ತನಕ ಈ ಹಾಳೆಗಳಿಗೆ ನೀರು ತಾಗದಂತೆ, ಇಲಿ ಮುಟ್ಟದಂತೆ ನಿಮ್ಮ ಪುಸ್ತಕಗಳ ಜೊತೆಯಲ್ಲೇ ಇಟ್ಟುಕೊಳ್ಳಿರಿ.